ಒಪ್ಪಿಗೆ ಕೇಳುವ ಹೊತ್ತು: ಕರ್ನಾಟಕದ ಮುಸ್ಲಿಮರಲ್ಲಿ ಪ್ರೇಮ ಮತ್ತು ಹಿರಿಯರು ಕೂಡಿಸುವ ಮದುವೆ

ಕರ್ನಾಟಕದ ಮುಸ್ಲಿಮರ ಮದುವೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಯ ಬಹುಪಾಲು ಮದುವೆ ಮುರಿಯುವ ಬಗೆಯನ್ನು ಕುರಿತದ್ದು. ವಿಚ್ಛೇದಿತೆಯ ಜೀವನಾಂಶ ಕುರಿತ 1985ರ ಶಾ ಬಾನೊ ತೀರ್ಪು, ಅದರ ಬೆನ್ನಿಗೇ ಬಂದ 1986ರ ಕಾಯ್ದೆ, ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ಅಸಿಂಧುಗೊಳಿಸಿದ್ದು, 2019ರಲ್ಲಿ ಅದು ಶಿಕ್ಷಾರ್ಹ ಅಪರಾಧವಾದದ್ದು, ಇವೆಲ್ಲ ಪತ್ರಿಕೆಗಳಲ್ಲಿ, ಸದನಗಳಲ್ಲಿ, ಕಾಲೇಜಿನ ವಿಚಾರ ಸಂಕಿರಣಗಳಲ್ಲಿ ಸಾಕಷ್ಟು ಜಾಗ ಪಡೆದವು. ಮದುವೆ ಕೂಡುವ ಬಗೆ, ಅಂದರೆ ಗಂಡು ಹೆಣ್ಣನ್ನು ಆರಿಸುವವರು ಯಾರು, ಆ ಆಯ್ಕೆಯಲ್ಲಿ ಮನಸ್ಸಿನ ಪಾಲೆಷ್ಟು, ಮನೆತನದ ಪಾಲೆಷ್ಟು ಎಂಬ ಪ್ರಶ್ನೆ ಹೆಚ್ಚಾಗಿ ಕಥೆಗಾರರ ಪಾಲಿಗೆ ಉಳಿಯಿತು. ಇತ್ತೀಚೆಗೆ ಅದು ಸಾರ್ವಜನಿಕ ಮಾತಿಗೆ ಬಂದದ್ದು ಕೂಡ ಅಂತರಧರ್ಮೀಯ ಪ್ರೇಮದ ಸುತ್ತ ಎದ್ದ ರಾಜಕೀಯ ಗದ್ದಲದ ಮೂಲಕ.

ಆ ಗದ್ದಲವನ್ನು ಒಂದಿಷ್ಟು ಹೊತ್ತು ಬದಿಗಿಟ್ಟು ಸಮುದಾಯದ ಒಳಗಿನ ಸಾಮಾನ್ಯ ಮದುವೆಗಳನ್ನು, ಅದರಲ್ಲಿಯೂ ತಿಲಕನಗರ, ಗುರಪ್ಪನಪಾಳ್ಯ, ಬಿಟಿಎಂ ಬಡಾವಣೆ, ಯಾರಬ್‌ನಗರಗಳಂಥ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ನೆಲೆಸಿ ಮಕ್ಕಳನ್ನು ಓದಿಸಿರುವ ಕುಟುಂಬಗಳ ಮದುವೆಗಳನ್ನು ನೋಡಿದರೆ, ‘ಲವ್’ ಮತ್ತು ‘ಅರೇಂಜ್ಡ್’ ಎಂಬ ಎರಡು ಗುಂಪುಗಳಲ್ಲಿ ಅವು ಸರಿಯಾಗಿ ಕೂರುವುದಿಲ್ಲ ಎಂಬುದು ಬೇಗನೆ ತಿಳಿಯುತ್ತದೆ. ಪರಸ್ಪರ ಮೆಚ್ಚಿದವರೂ ಹಿರಿಯರ ಮೂಲಕವೇ ಸಂಬಂಧ ಕೇಳಿಸುತ್ತಾರೆ. ಹಿರಿಯರು ಹುಡುಕಿದ ಸಂಬಂಧದಲ್ಲಿಯೂ ಹುಡುಗ ಹುಡುಗಿ ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡಿದ ಮೇಲೆಯೇ ದಿನ ಗೊತ್ತಾಗುತ್ತದೆ. ಈ ಎರಡು ಬಗೆಗಳ ನಡುವಿನ ಅಂತರಕ್ಕಿಂತ ಹೆಚ್ಚು ತೂಕದ್ದು ಇನ್ನೊಂದು ಅಂತರ: ಒಪ್ಪಿಗೆಯನ್ನು, ಅದರಲ್ಲಿಯೂ ಹೆಣ್ಣಿನ ಒಪ್ಪಿಗೆಯನ್ನು, ಯಾವ ಹೊತ್ತಿನಲ್ಲಿ ಕೇಳಲಾಗುತ್ತದೆ ಎಂಬುದು. ಮಾತುಕತೆ ಶುರುವಾಗುವ ಮುನ್ನ ಕೇಳುವ ಮನೆಗೂ ಶಾದಿ ಮಹಲಿಗೆ ಮುಂಗಡ ಕೊಟ್ಟ ಮೇಲೆ ಕೇಳುವ ಮನೆಗೂ ಇರುವ ವ್ಯತ್ಯಾಸವನ್ನು ಪ್ರೇಮವಿವಾಹ, ನಿಶ್ಚಯಿತ ವಿವಾಹ ಎಂಬ ಹೆಸರುಗಳು ಮರೆಮಾಡುತ್ತವೆ.

ನಿಕಾಹಿನ ಸ್ವರೂಪವೇ ಈ ಪ್ರಶ್ನೆಯನ್ನು ಎತ್ತುವಂಥದ್ದು. ಇಸ್ಲಾಮೀ ಧರ್ಮಶಾಸ್ತ್ರದ ಪ್ರಕಾರ ನಿಕಾಹ್ ಒಂದು ಕರಾರು. ಒಂದು ಕಡೆಯಿಂದ ಪ್ರಸ್ತಾಪ (ಈಜಾಬ್), ಇನ್ನೊಂದು ಕಡೆಯಿಂದ ಸ್ವೀಕಾರ (ಖಬೂಲ್), ಇವೆರಡೂ ಒಂದೇ ಸಭೆಯಲ್ಲಿ ಸಾಕ್ಷಿಗಳ ಎದುರು ನಡೆಯಬೇಕು, ಮತ್ತು ಗಂಡು ಹೆಣ್ಣಿಗೆ ಕೊಡಬೇಕಾದ ಹಣ ಅಥವಾ ಆಸ್ತಿ, ಅಂದರೆ ಮಹರ್, ನಿಗದಿಯಾಗಬೇಕು. ಬ್ರಿಟಿಷ್ ಕಾಲದ ಅಲಹಾಬಾದ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸೈಯದ್ ಮಹಮೂದ್ 1886ರಲ್ಲಿಯೇ ಮುಸ್ಲಿಂ ವಿವಾಹವನ್ನು ಸಿವಿಲ್ ಕರಾರು ಎಂದು ಕರೆದಿದ್ದರು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಬೆಂಗಳೂರಿನ ಜೀವನಾಂಶದ ಪ್ರಕರಣವೊಂದರಲ್ಲಿ ಅದೇ ಮಾತನ್ನು ವಿಸ್ತರಿಸಿ, ಇದು ಹಿಂದೂ ವಿವಾಹದಂತೆ ಸಂಸ್ಕಾರವಲ್ಲದ, ಹಲವು ಅರ್ಥಛಾಯೆಗಳುಳ್ಳ ಕರಾರು, ಆದರೂ ಅದು ಮುರಿದ ಮೇಲೆ ಗಂಡನ ಹೊಣೆ ತಾನಾಗಿ ಮುಗಿಯುವುದಿಲ್ಲ ಎಂದು ಹೇಳಿದರು. ಕರಾರು ಎಂದ ಮೇಲೆ ಒಪ್ಪಿಗೆಯಿಲ್ಲದೆ ಅದಕ್ಕೆ ಅಸ್ತಿತ್ವವಿಲ್ಲ. ತನ್ನ ಮನಸ್ಸಿಗೆ ವಿರುದ್ಧವಾಗಿ ತಂದೆ ಮಾಡಿದ ಮದುವೆಯ ಬಗ್ಗೆ ದೂರಿತ್ತ ಖನ್ಸಾ ಎಂಬ ಮಹಿಳೆಯ ವಿವಾಹವನ್ನು ಪ್ರವಾದಿ ಮುಹಮ್ಮದರು ರದ್ದುಪಡಿಸಿದ ಪ್ರಸಂಗ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಪ್ರವಾದಿಯವರ ಮೊದಲ ಪತ್ನಿ ಖದೀಜಾ ಅವರ ವಿಷಯದಲ್ಲಿ ಮದುವೆಯ ಪ್ರಸ್ತಾಪ ಹೆಣ್ಣಿನ ಕಡೆಯಿಂದಲೇ ಬಂದದ್ದೆಂಬುದನ್ನು ಮಸೀದಿಯ ಪ್ರವಚನಗಳಲ್ಲಿಯೂ ಹೇಳುವುದುಂಟು. ಮಗಳೊಬ್ಬಳು ಅದೇ ಮಾದರಿಯನ್ನು ಅನುಸರಿಸ ಹೊರಟರೆ ಮನೆಯಲ್ಲಿ ಸಿಗುವ ಸ್ವಾಗತ ಬೇರೆ.

ಒಪ್ಪಿಗೆಗೆ ಬೆಲೆಯಿದೆ ಎಂಬುದರಲ್ಲಿ ಶಾಸ್ತ್ರಕಾರರಿಗೆ ಜಗಳವಿಲ್ಲ, ಅದನ್ನು ಯಾರು ಹೇಗೆ ಕೊಡಬೇಕೆಂಬುದರಲ್ಲಿ ಇದೆ, ಮತ್ತು ಆ ಭೇದ ಕರ್ನಾಟಕದ ಭೂಪಟದ ಮೇಲೆಯೇ ಕಾಣುವಂಥದ್ದು. ಬೆಂಗಳೂರು, ಮೈಸೂರು ಹಾಗೂ ಉತ್ತರ ಕರ್ನಾಟಕದ ದಖ್ಖನಿ ಉರ್ದು ಮಾತಾಡುವ ಮುಸ್ಲಿಮರು ಬಹುತೇಕ ಹನಫಿ ಪಂಥವನ್ನು ಅನುಸರಿಸುತ್ತಾರೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು, ಗಡಿಯಾಚೆ ಕೇರಳದ ಕಾಸರಗೋಡಿನ ಮಾಪ್ಪಿಳರು ಶಾಫಿ ಪಂಥದವರು. ಹನಫಿ ಶಾಸ್ತ್ರದಲ್ಲಿ ಪ್ರಾಯಕ್ಕೆ ಬಂದ ಹೆಣ್ಣು ತನ್ನ ನಿಕಾಹನ್ನು ತಾನೇ ಮಾಡಿಕೊಳ್ಳಬಲ್ಲಳು, ಪೋಷಕನ (ವಲಿಯ) ಅನುಮತಿ ಇಲ್ಲದಿದ್ದರೂ ಅದು ಸಿಂಧು; ಆದರೆ ಆಕೆ ಸರಿಸಮನಲ್ಲದವನನ್ನು ಮದುವೆಯಾದರೆ ಆಕ್ಷೇಪಿಸುವ ಹಕ್ಕು ವಲಿಗೆ ಉಳಿಯುತ್ತದೆ. ಶಾಫಿ ಶಾಸ್ತ್ರದಲ್ಲಿ ವಲಿ ಇಲ್ಲದೆ ಹೆಣ್ಣಿನ ನಿಕಾಹೇ ಇಲ್ಲ. ಅಷ್ಟೇ ಅಲ್ಲದೆ, ಮೊದಲ ಮದುವೆಯ ಮಗಳ ಪರವಾಗಿ ತೀರ್ಮಾನ ಮಾಡುವ ಅಧಿಕಾರವನ್ನು ಸಾಂಪ್ರದಾಯಿಕ ಶಾಫಿ ಗ್ರಂಥಗಳು ಕೆಲವು ಷರತ್ತುಗಳೊಡನೆ ತಂದೆಗೆ ಮತ್ತು ತಂದೆಯ ತಂದೆಗೆ ಕೊಡುತ್ತವೆ; ಆಕೆಯನ್ನು ಕೇಳುವುದು ಒಳ್ಳೆಯದು ಎನ್ನುತ್ತವೆ, ಕೇಳಲೇಬೇಕೆಂದು ಕಡ್ಡಾಯ ಮಾಡುವುದಿಲ್ಲ. ವಿಚಿತ್ರವೆಂದರೆ ವಿಧವೆ ಅಥವಾ ವಿಚ್ಛೇದಿತೆಯ ವಿಷಯದಲ್ಲಿ ಎರಡೂ ಪಂಥಗಳು ಬಾಯಿಬಿಟ್ಟು ಹೇಳಿದ ಒಪ್ಪಿಗೆಯೇ ಬೇಕೆನ್ನುತ್ತವೆ, ಮೊದಲ ಮದುವೆಯ ಹುಡುಗಿಗೆ ಮಾತ್ರ ಮೌನವೇ ಸಾಕೆನ್ನುತ್ತವೆ. ಮೌನಂ ಸಮ್ಮತಿ ಲಕ್ಷಣಂ ಎಂಬ ನುಡಿ ನೆರೆಮನೆಯಲ್ಲಿಯೂ ಚಲಾವಣೆಯಲ್ಲಿರುವುದರಿಂದ ಈ ನಿಯಮ ಕನ್ನಡ ನಾಡಿಗೆ ಅಪರಿಚಿತವಾಗಿ ಕಾಣಲಿಲ್ಲ. ನಾಚಿಕೆಯಿಂದ ಬಂದ ಮೌನಕ್ಕೂ ಹೆದರಿಕೆಯಿಂದ ಬಂದ ಮೌನಕ್ಕೂ ಇರುವ ಭೇದವನ್ನು ಹಳೆಯ ಶಾಸ್ತ್ರಕಾರರೇ ಚರ್ಚಿಸಿದ್ದರೂ, ಸಹಿ ಹಾಕಿಸಿಕೊಳ್ಳಲು ವಧುವಿನ ಕೋಣೆಗೆ ಹೋಗುವ ವಕೀಲ್ (ವಧುವಿನ ಪರವಾಗಿ ಮಾತು ಒಯ್ಯುವ ಬಂಧು) ಮತ್ತು ಇಬ್ಬರು ಸಾಕ್ಷಿಗಳಿಗೆ ಆ ಚರ್ಚೆಗೆ ಬಿಡುವಿರುವುದಿಲ್ಲ. ಹೊರಗೆ ಬಿರಿಯಾನಿಯ ದೇಗ್‌ಗಳು ಇಳಿದಿರುತ್ತವೆ, ನೆಂಟರು ಕಾದಿರುತ್ತಾರೆ. ಆ ಗಳಿಗೆಯಲ್ಲಿ ಬೇಡವೆನ್ನುವ ಹಕ್ಕು ಶಾಸ್ತ್ರದಲ್ಲಿ ಪೂರ್ತಿಯಾಗಿದ್ದು ವ್ಯವಹಾರದಲ್ಲಿ ಹೆಚ್ಚುಕಡಿಮೆ ಶೂನ್ಯವಾಗಿರುತ್ತದೆ.

ಹಾಗಾದರೆ ನಿಜವಾದ ಆಯ್ಕೆ ನಡೆಯುವುದು ಅದಕ್ಕೆ ಬಹಳ ಮುಂಚೆ, ರಿಶ್ತಾ, ಅಂದರೆ ಸಂಬಂಧ, ಹುಡುಕುವ ಹಂತದಲ್ಲಿ. ಹಿಂದೆ ದಖ್ಖನಿ ಮನೆಗಳಲ್ಲಿ ಈ ಕೆಲಸ ಅತ್ತೆ, ಚಿಕ್ಕಮ್ಮಂದಿರದ್ದೂ ಮನೆಯಿಂದ ಮನೆಗೆ ಸುದ್ದಿ ಒಯ್ಯುವ ಮುಶಾತಾ ಎಂಬ ಹೆಂಗಸಿನದ್ದೂ ಆಗಿತ್ತು. ಆ ಮೇಲೆ ಬೆಂಗಳೂರಿನ ಉರ್ದು ದಿನಪತ್ರಿಕೆ ‘ಸಾಲಾರ್’ನಂಥವುಗಳ ಜಾಹೀರಾತು, ಆಮೇಲೆ ವಧೂವರರ ಜಾಲತಾಣ, ಈಗ ಫೋನಿನ ಆ್ಯಪ್ ಮತ್ತು ವಾಟ್ಸ್ಆ್ಯಪ್ ಗುಂಪು. ಸಾಧನ ಬದಲಾದರೂ ಬಯೋಡೇಟಾದ ಕಲಮುಗಳು ಅಷ್ಟು ಬೇಗ ಬದಲಾಗಲಿಲ್ಲ. ಸರಿಸಮತೆ, ಶಾಸ್ತ್ರದ ಮಾತಿನಲ್ಲಿ ಕುಫು, ಎಂಬ ಪರಿಕಲ್ಪನೆಯಡಿ ಹನಫಿ ಗ್ರಂಥಗಳು ವಂಶ, ಧರ್ಮನಿಷ್ಠೆ, ಕಸುಬು, ಸಂಪತ್ತುಗಳನ್ನು ಎಣಿಸಿದ್ದವು. ದಕ್ಷಿಣ ಭಾರತದಲ್ಲಿ ಅದು ಬಿರಾದರಿಯಾಗಿ, ಅಂದರೆ ಜಾತಿಯಂತೆಯೇ ನಡೆದುಕೊಳ್ಳುವ ಬಳಗವಾಗಿ, ನೆಲೆಯೂರಿತು. ಸೈಯದ್, ಶೇಖ್, ಪಠಾಣ್ ಎಂಬ ಹೆಸರುಗಳು, ಕಚ್ಛಿ ಮೇಮನ್ ವರ್ತಕರು, ತಮಿಳು ಮೂಲದ ಲಬ್ಬೆಗಳು, ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡಿರುವ ಪಿಂಜಾರ ಅಥವಾ ನದಾಫರು, ಚನ್ನಪಟ್ಟಣದ ಮಹದವಿಗಳು, ಇವರೆಲ್ಲ ಒಂದೇ ಮಸೀದಿಯಲ್ಲಿ ಅಥವಾ ಪಕ್ಕಪಕ್ಕದ ಮಸೀದಿಗಳಲ್ಲಿ ನಮಾಜು ಮಾಡಿದರೂ ಹೆಣ್ಣು ಕೊಟ್ಟು ತರುವಾಗ ತಂತಮ್ಮ ವೃತ್ತವನ್ನು ಮೀರುವುದು ಕಡಿಮೆ. ಇದರ ಮೇಲೆ ಇತ್ತೀಚೆಗೆ ಇನ್ನೊಂದು ಗೆರೆ ಬಿದ್ದಿದೆ: ಮಸ್ಲಕ್, ಅಂದರೆ ಬರೇಲ್ವಿ, ದೇವಬಂದಿ, ಅಹ್ಲೆ ಹದೀಸ್ ಎಂಬ ಪಂಗಡ ಭೇದ. ಬಿರಾದರಿಯನ್ನು ಹಳೆಯ ಕಾಲದ್ದೆಂದು ನಗುವ ಎಂಜಿನಿಯರ್ ಹುಡುಗನ ಮನೆಯವರು ಮಸ್ಲಕ್ ಕೇಳದೆ ಮುಂದುವರಿಯುವುದಿಲ್ಲ. ಧಾರ್ಮಿಕ ಸುಧಾರಣೆ ಜಾತಿಯಂಥ ಗೆರೆಗಳನ್ನು ಅಳಿಸಬೇಕಿತ್ತು. ಬೆಂಗಳೂರಿನ ಮದುವೆ ಮಾರುಕಟ್ಟೆಯಲ್ಲಿ ಅದು ಹೊಸದೊಂದು ಗೆರೆಯನ್ನು ಎಳೆದು ಕೊಟ್ಟಿತು.

ರಕ್ತಸಂಬಂಧದ ಮದುವೆಯ ವಿಷಯವನ್ನು ಇಲ್ಲಿಯೇ ನೋಡಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಎಲ್ಲ ಧರ್ಮಗಳೂ ಸೇರಿ ಸುಮಾರು ಶೇ 27ರಷ್ಟು ಮಹಿಳೆಯರು ರಕ್ತಸಂಬಂಧಿಗಳನ್ನೇ ಮದುವೆಯಾದವರು. ದೇಶದ ಸರಾಸರಿ ಶೇ 11. ಇದು ಮುಸ್ಲಿಮರದ್ದಷ್ಟೇ ರೂಢಿ ಎಂಬ ನಂಬಿಕೆ ತಪ್ಪು. ಕನ್ನಡದ ಹಿಂದೂ ಕುಟುಂಬಗಳಲ್ಲಿ ಸೋದರಮಾವನಿಗೆ ಸೊಸೆಯನ್ನು ಕೊಡುವುದುಂಟು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಮಾತ್ರ ಅಣ್ಣತಂಗಿ. ಮುಸ್ಲಿಮರಿಗೆ ಸೋದರಮಾವ ನಿಷಿದ್ಧ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಮದುವೆಯಾಗಬಲ್ಲವರು. ಈ ಕಾರಣದಿಂದ ಹಿರಿಯರು ಕೂಡಿಸಿದ ಮದುವೆಯೆಂದು ಹೊರಗಿನವರು ಎಣಿಸುವ ಎಷ್ಟೋ ಮದುವೆಗಳು ಒಂದೇ ಅಂಗಳದಲ್ಲಿ ಬೆಳೆದವರ ಹಳೆಯ ಮೆಚ್ಚುಗೆಯ ಫಲವಾಗಿರುತ್ತವೆ. ಪರದೆ ಬಿಗಿಯಾಗಿದ್ದ ಕಾಲದಲ್ಲಿ ಹುಡುಗಿ ಮಾತಾಡಿಸಬಹುದಾಗಿದ್ದ ಹೊರಗಂಡಸೆಂದರೆ ಹೆಚ್ಚಾಗಿ ಬಂಧುವಿನ ಮಗನೇ.

ಪ್ರೇಮಕ್ಕೆ ಹಿರಿಯರ ವಿರೋಧ ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಧರ್ಮಶಾಸ್ತ್ರದ ಕಡೆ ಬೆರಳು ತೋರಿಸುವುದು ಸುಲಭ. ಲೆಕ್ಕದ ಪುಸ್ತಕ ನೋಡುವುದು ಹೆಚ್ಚು ಫಲದಾಯಕ. ಮಹರ್ ಗಂಡು ಹೆಣ್ಣಿಗೆ ಕೊಡುವಂಥದ್ದು, ಅದು ಆಕೆಯ ಸ್ವಂತ ಆಸ್ತಿ. ಅದನ್ನು ಕೂಡಲೇ ಕೊಡುವ ಭಾಗ, ಮುಂದೂಡಿದ ಭಾಗ ಎಂದು ವಿಂಗಡಿಸುವುದುಂಟು, ಮತ್ತು ಮುಂದೂಡಿದ ಭಾಗ ಎಷ್ಟೋ ಮನೆಗಳಲ್ಲಿ ಗಂಡನ ಸಾವಿನವರೆಗೂ ಕಾಗದದಲ್ಲಿಯೇ ಉಳಿಯುತ್ತದೆ. ಅದಕ್ಕೆ ಎದುರಾಗಿ ಹೆಣ್ಣಿನ ಕಡೆಯಿಂದ ಗಂಡಿನ ಕಡೆಗೆ ಹರಿಯುವ ಹಣಕ್ಕೆ ಶಾಸ್ತ್ರದಲ್ಲಿ ಯಾವ ನೆಲೆಯೂ ಇಲ್ಲದಿದ್ದರೂ, ಜೋಡೆಯ ಹಣ (ವರನಿಗೆ ಕೊಡುವ ನಗದು) ಮತ್ತು ಜಹೇಜ್ (ಪೀಠೋಪಕರಣ, ವಾಹನ, ಒಡವೆಗಳ ರೂಪದ ವರದಕ್ಷಿಣೆ) ಎಂಬ ಹೆಸರಿನಲ್ಲಿ ಅದು ದಖ್ಖನಿ ಮದುವೆಯ ಬೆನ್ನೆಲುಬಾಯಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ತನ್ನ ವ್ಯಾಖ್ಯೆಯಿಂದ ಮಹರನ್ನು ಹೊರಗಿಟ್ಟು ಉಳಿದದ್ದನ್ನೆಲ್ಲ ಮುಸ್ಲಿಮರಿಗೂ ಅನ್ವಯಿಸಿತು. 2021ರಲ್ಲಿ ಅಹಮದಾಬಾದಿನ ಮಹಿಳೆಯೊಬ್ಬರ ಆತ್ಮಹತ್ಯೆಯ ನಂತರ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಆಡಂಬರದ ಮದುವೆ ಹಾಗೂ ವರದಕ್ಷಿಣೆಗಳ ವಿರುದ್ಧ ಪ್ರತಿಜ್ಞಾಪತ್ರವೊಂದನ್ನು ಹೊರಡಿಸಿತು. ಕರ್ನಾಟಕ ಸರ್ಕಾರ ಬೇರೊಂದು ಹಾದಿ ಹಿಡಿದಿತ್ತು: 2013ರಲ್ಲಿ ಆರಂಭವಾದ ‘ಬಿದಾಯಿ’ ಯೋಜನೆ ಬಡ ಅಲ್ಪಸಂಖ್ಯಾತ ಹೆಣ್ಣುಮಕ್ಕಳ ಮದುವೆಗೆ 50,000 ರೂಪಾಯಿ ಕೊಟ್ಟಿತು. ಸಹಾಯ ಬೇಕಾದವರಿಗೆ ಅದು ತಲುಪಿತೆಂಬುದು ನಿಜ, ಮದುವೆಯ ಖರ್ಚು ಹೆಣ್ಣಿನ ಮನೆಯದೇ ಎಂಬ ರೂಢಿಗೆ ಅದು ಸರ್ಕಾರಿ ಮುದ್ರೆ ಒತ್ತಿತೆಂಬುದೂ ನಿಜ. ಈ ಲೆಕ್ಕಾಚಾರದಲ್ಲಿ ಮಗನ ಪ್ರೇಮ ತಂದೆತಾಯಿಗೆ ತರುವ ನಷ್ಟ ಸ್ಪಷ್ಟ: ಮೆಚ್ಚಿ ಬಂದ ಹುಡುಗಿಯ ಮನೆಯವರೊಡನೆ ಜೋಡೆಯ ಮಾತು ಆಡಲು ಬಾಯಿ ಬರುವುದಿಲ್ಲ. ಮಗಳ ಪ್ರೇಮ ಅದೇ ಲೆಕ್ಕದಲ್ಲಿ ಉಳಿತಾಯವಾಗಬೇಕಿತ್ತು. ಅಲ್ಲಿ ಮಾನದ ಮಾತು ಮುಂದೆ ಬರುತ್ತದೆ.

ಕರಾವಳಿಯ ಲೆಕ್ಕ ಸ್ವಲ್ಪ ಬೇರೆ. ಬ್ಯಾರಿ ಮತ್ತು ನವಾಯತ ಕುಟುಂಬಗಳಲ್ಲಿ ಮದುವೆಯಾದ ಹುಡುಗ ಹೆಂಡತಿಯ ತವರಿಗೆ ಬಂದು ಉಳಿಯುವ ರೂಢಿ ದೀರ್ಘಕಾಲ ನಡೆದುಬಂದಿದೆ. ಹೆಣ್ಣು ತನ್ನ ತಾಯಿಯ ಮನೆಯಲ್ಲಿಯೇ ಉಳಿಯುವುದರಿಂದ ಗಂಡನ ಮನೆಯ ದಬ್ಬಾಳಿಕೆಗೆ ಅವಕಾಶ ಕಡಿಮೆ, ಆದರೆ ತಂದೆಯ ದಬ್ಬಾಳಿಕೆಗೆ ಅವಕಾಶ ಹೆಚ್ಚು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬದುಕಿದ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಕಥೆ ಈ ಕಾರಣಕ್ಕಾಗಿ ಪ್ರೇಮ ಮತ್ತು ನಿಶ್ಚಯಗಳ ಚರ್ಚೆಯಲ್ಲಿ ಮತ್ತೆ ಮತ್ತೆ ನೆನಪಾಗಬೇಕಾದದ್ದು. ನಾದಿರಾ ಮತ್ತು ರಶೀದರ ಮದುವೆಯನ್ನು ಕೂಡಿಸಿದವರು ಹಿರಿಯರು. ಅವರ ನಡುವೆ ಪ್ರೀತಿ ಬೆಳೆದದ್ದು ಮದುವೆಯ ನಂತರ; ಆ ಮದುವೆಯನ್ನು ಹರಿದವನು ಅದನ್ನು ಕೂಡಿಸಿದ ನಾದಿರಾಳ ತಂದೆಯೇ, ಮತ್ತು ಅವರು ಮತ್ತೆ ಒಂದಾಗಲು ಆಕೆ ಇನ್ನೊಬ್ಬನನ್ನು ಮದುವೆಯಾಗಿ ಬಿಡುಗಡೆ ಪಡೆಯಬೇಕೆಂಬ ನಿಯಮ ಆಕೆಯ ಸಾವಿಗೆ ಕಾರಣವಾಗುತ್ತದೆ. ಓದುಗರು ಇದನ್ನು ಸಾಮಾನ್ಯವಾಗಿ ತಲಾಖಿನ ಕಾದಂಬರಿಯೆಂದು ಓದುತ್ತಾರೆ. ನಿಶ್ಚಯಿಸುವ ಅಧಿಕಾರ ಮದುವೆಯ ದಿನಕ್ಕೆ ಮುಗಿಯದೆ ಮುಂದುವರಿದರೆ ಏನಾಗುತ್ತದೆ ಎಂಬುದರ ಕಾದಂಬರಿಯೂ ಅದು. ಇದರ ಇನ್ನೊಂದು ಮುಖವನ್ನು ಹಾಸನದ ಬಾನು ಮುಷ್ತಾಕ್ ಅವರ ಬದುಕಿನಿಂದಲೇ ಕಾಣಬಹುದು. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಈ ಲೇಖಕಿ, ತಾವೇ ಮೆಚ್ಚಿದವರನ್ನು 26ನೆಯ ವಯಸ್ಸಿನಲ್ಲಿ ಮದುವೆಯಾದರೂ ಆ ಮೇಲೆ ಬುರ್ಖಾ ಮತ್ತು ಮನೆಗೆಲಸಗಳಿಗೆ ಸೀಮಿತವಾಗಬೇಕೆಂಬ ಒತ್ತಡ ಎದುರಿಸಬೇಕಾಯಿತೆಂದು ಸಂದರ್ಶನಗಳಲ್ಲಿ ಹೇಳಿದ್ದಾರೆ. ಮೆಚ್ಚಿ ಆದ ಮದುವೆ ತನ್ನಷ್ಟಕ್ಕೆ ಬಿಡುಗಡೆ ತರುವುದೆಂಬ ನಿರೀಕ್ಷೆ ಚಲನಚಿತ್ರಗಳಲ್ಲಿ ಬದುಕಿರುವಷ್ಟು ಕನ್ನಡದ ಮುಸ್ಲಿಂ ಲೇಖಕಿಯರ ಬರಹದಲ್ಲಿ ಬದುಕಿಲ್ಲ.

ನಗರ ಏನನ್ನು ಬದಲಿಸಿತು ಎಂಬ ಪ್ರಶ್ನೆಗೆ ಉತ್ತರ ಹುಡುಗಿಯರ ಓದಿನಲ್ಲಿದೆ. 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಸ್ಥಾಪಿಸಿದ ಅಲ್‌ ಅಮೀನ್ ಶಿಕ್ಷಣ ಸಂಸ್ಥೆಯಂಥ ಪ್ರಯತ್ನಗಳ ತರುವಾಯ ಬೆಂಗಳೂರಿನ ಮಧ್ಯಮ ವರ್ಗದ ಮುಸ್ಲಿಂ ಮನೆಗಳಲ್ಲಿ ಮಗಳು ಪದವಿ ಪಡೆಯುವುದು ಸಾಮಾನ್ಯವಾಯಿತು. ಅಣ್ಣ ಪಿಯುಸಿಗೆ ಓದು ಬಿಟ್ಟು ಗ್ಯಾರೇಜಿಗೋ ಅಂಗಡಿಗೋ ಕೊಲ್ಲಿ ದೇಶಕ್ಕೋ ಹೋಗಿರುವಾಗ ತಂಗಿ ಎಂ.ಕಾಂ. ಮುಗಿಸಿರುವ ಮನೆಗಳು ವಿರಳವಲ್ಲ. ಆಕೆಗೆ ತಕ್ಕ ಓದಿದ ಹುಡುಗ ಬಿರಾದರಿಯೊಳಗೆ ಸಿಗುವುದಿಲ್ಲ, ಸಿಕ್ಕರೆ ಜೋಡೆಯ ಮೊತ್ತ ಏರುತ್ತದೆ. ಈ ಇಕ್ಕಟ್ಟಿನಿಂದಲೇ ಪೋಷಕರ ಬಿಗಿ ಸಡಿಲವಾಗಿರುವುದು. ಸಹೋದ್ಯೋಗಿಯೊಬ್ಬ ‘ಮನೆಯವರನ್ನು ಕಳಿಸುತ್ತೇನೆ’ ಎಂದರೆ, ಅವನು ಬೇರೆ ಬಿರಾದರಿಯವನಾದರೂ, ಹಿಂದಿನಂತೆ ಬಾಗಿಲು ಮುಚ್ಚುವುದಿಲ್ಲ. ಅವನ ತಾಯಿ ಬಂದು ಪೈಗಾಮ್ (ಸಂಬಂಧದ ಪ್ರಸ್ತಾಪ) ಇಡುತ್ತಾಳೆ, ದೇವರ ಮಾರ್ಗದರ್ಶನ ಬೇಡುವ ಇಸ್ತಿಖಾರಾ ನಮಾಜು ನಡೆಯುತ್ತದೆ, ಪರಿಚಯ ಮೊದಲೇ ಇತ್ತೆಂಬುದನ್ನು ಎರಡೂ ಕಡೆಯವರು ತಿಳಿದೂ ತಿಳಿಯದವರಂತೆ ಇರುತ್ತಾರೆ. ಇದನ್ನು ಕಪಟ ಎನ್ನುವವರಿದ್ದಾರೆ. ಪ್ರೇಮಿಗಳಿಗೆ ಬಂಧುಬಳಗದ ಆಸರೆ ತಪ್ಪದಂತೆ ನೋಡಿಕೊಳ್ಳುವ ಈ ಮರ್ಯಾದೆಯ ನಾಟಕ, ಬಾಡಿಗೆ ಮನೆ ಸಿಗುವುದೇ ಕಷ್ಟವಾದ ನಗರದಲ್ಲಿ, ಕಪಟಕ್ಕಿಂತ ವಿವೇಕದ ಕಡೆಗೇ ಹೆಚ್ಚು ವಾಲುತ್ತದೆ. ಶ್ರೀನಗರ, ಹನುಮಂತನಗರಗಳಂಥ ಹಿಂದೂ ಬಹುಸಂಖ್ಯಾತ ಬಡಾವಣೆಯಲ್ಲಿ ನವದಂಪತಿಗಳು ಮನೆ ಹುಡುಕಬೇಕಾದಾಗ ಎರಡೂ ಕಡೆಯ ಹಿರಿಯರ ಬೆಂಬಲ ಎಷ್ಟು ಬೆಲೆಯುಳ್ಳದ್ದೆಂಬುದು ಆ ದಂಪತಿಗಳಿಗೆ ಗೊತ್ತು. ಒಟ್ಟು ದೇಶದ ಚಿತ್ರವೂ ಇದಕ್ಕೆ ದೂರವಿಲ್ಲ: ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ (2011–12) ಪ್ರಕಾರ ಗಂಡನನ್ನು ತಾವೊಬ್ಬರೇ ಆರಿಸಿಕೊಂಡ ಮಹಿಳೆಯರು ಎಲ್ಲ ಧರ್ಮಗಳನ್ನೂ ಸೇರಿಸಿ ಸುಮಾರು ಶೇ 5ರಷ್ಟು ಮಾತ್ರ.

ಪ್ರೇಮ ಧರ್ಮದ ಗಡಿ ದಾಟಿದಾಗ ಈ ನಾಟಕಕ್ಕೆ ರಂಗವೇ ಇರುವುದಿಲ್ಲ. ಮುಸ್ಲಿಂ ಗಂಡು ಕ್ರೈಸ್ತ ಅಥವಾ ಯಹೂದಿ ಹೆಣ್ಣನ್ನು ಮದುವೆಯಾಗಬಹುದೆಂದೂ, ಮುಸ್ಲಿಂ ಹೆಣ್ಣು ಹೊರಗಿನವರನ್ನು ಮದುವೆಯಾಗುವಂತಿಲ್ಲವೆಂದೂ ಸಾಂಪ್ರದಾಯಿಕ ಶಾಸ್ತ್ರ ಹೇಳುತ್ತದೆ. ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತದ ಮುಸ್ಲಿಮರ ಪೈಕಿ ಶೇ 80 ಮಂದಿ ತಮ್ಮ ಸಮುದಾಯದ ಹೆಣ್ಣುಮಕ್ಕಳು, ಶೇ 76 ಮಂದಿ ಗಂಡುಮಕ್ಕಳು ಹೊರಗೆ ಮದುವೆಯಾಗುವುದನ್ನು ತಡೆಯುವುದು ಬಹಳ ಮುಖ್ಯವೆಂದರು. ಹಿಂದೂಗಳಲ್ಲಿ ಆ ಪ್ರಮಾಣ ಶೇ 67 ಮತ್ತು 65. ಕಾನೂನಿನ ದಾರಿಯೆಂದರೆ 1954ರ ವಿಶೇಷ ವಿವಾಹ ಕಾಯ್ದೆ. ಅದರ ಪ್ರಕಾರ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಆ ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, ಮತ್ತೆ 30 ದಿನ ಆಕ್ಷೇಪಣೆಗೆ ಕಾಯಬೇಕು. ಯಾರಿಂದ ಬಚ್ಚಿಟ್ಟುಕೊಳ್ಳಬೇಕೋ ಅವರಿಗೇ ಹೆಸರು, ವಿಳಾಸಗಳನ್ನು ಒದಗಿಸುವ ಈ ಏರ್ಪಾಟನ್ನು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ದಂಪತಿಗಳ ಇಚ್ಛೆಗೆ ಬಿಟ್ಟಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಸುಜಾತಾ ಮತ್ತು ಸಚಿನ್ ಶಂಕರ್ ಮಗದುಂ ಅವರ ಪೀಠ ಬೆಂಗಳೂರಿನ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳ ಪ್ರಕರಣದಲ್ಲಿ 2020ರ ನವೆಂಬರಿನಲ್ಲಿ, ವಯಸ್ಕರು ತಮಗೆ ಬೇಕಾದವರನ್ನು ಮದುವೆಯಾಗುವುದು ಮೂಲಭೂತ ಹಕ್ಕೆಂದು ಎತ್ತಿಹಿಡಿದಿತ್ತು. ಅದಾದ ಎರಡೇ ವರ್ಷಕ್ಕೆ, 2022ರಲ್ಲಿ, ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದೂ ಅಕ್ರಮ ಮತಾಂತರಕ್ಕಾಗಿಯೇ ಆದ ಮದುವೆ ಅಸಿಂಧುವೆಂದೂ ಹೇಳುವ ಕಾಯ್ದೆ ರಾಜ್ಯದಲ್ಲಿ ಬಂತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಇಂಥ ಪ್ರೇಮದ ಕಾರಣಕ್ಕೆ ನಡೆಯುವ ಕೊಲೆಗಳು ಯಾವ ಒಂದು ಧರ್ಮದ ಸೊತ್ತೂ ಆಗಿಲ್ಲ. 2017ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ದಲಿತ ಯುವಕನನ್ನು ಮದುವೆಯಾಗಿದ್ದ ಗರ್ಭಿಣಿ ಮುಸ್ಲಿಂ ಯುವತಿ ಸ್ವಂತ ಮನೆಯವರ ಕೈಯಲ್ಲಿ ಸತ್ತಳು. 2021ರಲ್ಲಿ ಹಿಂದೂ ಯುವತಿಯನ್ನು ಪ್ರೀತಿಸಿದ್ದ ಮುಸ್ಲಿಂ ಯುವಕನ ದೇಹ ಬೆಳಗಾವಿ ಜಿಲ್ಲೆಯ ಖಾನಾಪುರದ ಬಳಿ ರೈಲು ಹಳಿಯ ಮೇಲೆ ಸಿಕ್ಕಿತು.

ವಿಶೇಷ ವಿವಾಹ ಕಾಯ್ದೆಯ ಇನ್ನೊಂದು ಬಳಕೆ ಹೆಚ್ಚು ಚರ್ಚೆಯಾಗಿಲ್ಲ. ಅದರಡಿ ಇಬ್ಬರು ಮುಸ್ಲಿಮರೇ ಮದುವೆಯಾದರೂ ಅವರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ, ಅಂದರೆ ಗಂಡುಮಕ್ಕಳಿಲ್ಲದಿದ್ದಾಗ ತಂದೆಯ ಸಹೋದರರಿಗೆ ಪಾಲು ಹೋಗದೆ ಹೆಣ್ಣುಮಕ್ಕಳಿಗೇ ಉಳಿಯುತ್ತದೆ. ಕಾಸರಗೋಡು ಜಿಲ್ಲೆಯ ವಕೀಲ ಹಾಗೂ ನಟ ಸಿ. ಶುಕ್ಕೂರ್ ಮತ್ತು ಅವರ ಪತ್ನಿ, ಕಾನೂನು ಪ್ರಾಧ್ಯಾಪಕಿ ಶೀನಾ, ತಮ್ಮ ಮೂವರು ಹೆಣ್ಣುಮಕ್ಕಳಿಗಾಗಿ 2023ರ ಮಾರ್ಚ್ 8ರಂದು ಹೊಸದುರ್ಗದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈ ಕಾಯ್ದೆಯಡಿ ಮತ್ತೊಮ್ಮೆ ಮದುವೆಯಾದರು. ಕೆಲವು ಉಲೇಮಾಗಳು ಅದನ್ನು ಖಂಡಿಸಿದರು.

ನಿಕಾಹ್ ಕರಾರಾದ್ದರಿಂದ ಅದಕ್ಕೆ ಷರತ್ತು ಸೇರಿಸಲು ಸಾಧ್ಯವೆಂಬುದು ಹನಫಿ ಶಾಸ್ತ್ರವೇ ಒಪ್ಪಿದ ಸಂಗತಿ. ನಿರ್ದಿಷ್ಟ ಸಂದರ್ಭಗಳಲ್ಲಿ ತಾನೇ ಬಿಡುಗಡೆ ಪಡೆಯುವ ಅಧಿಕಾರವನ್ನು ಗಂಡನಿಂದ ಹೆಂಡತಿ ಮೊದಲೇ ಬರೆಸಿಕೊಳ್ಳಬಹುದು (ಇದಕ್ಕೆ ತಲಾಖ್ ಎ ತಫ್ವೀಜ್ ಎನ್ನುತ್ತಾರೆ). ಓದು, ಉದ್ಯೋಗಗಳ ಬಗ್ಗೆಯೂ ಮಾತು ಬರೆಸಬಹುದು. ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ 2005ರಲ್ಲಿ ಮಾದರಿ ನಿಕಾಹ್‌ನಾಮಾ (ಮದುವೆಯ ಕರಾರುಪತ್ರ) ಒಂದನ್ನು ಪ್ರಕಟಿಸಿದಾಗ ಮಹಿಳಾ ಸಂಘಟನೆಗಳು ಅದು ಸಾಲದೆಂದವು. ಕರ್ನಾಟಕದಲ್ಲಿ ಮುಸ್ಲಿಂ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಸರ್ಕಾರ 2023ರಲ್ಲಿ ವಕ್ಫ್ ಮಂಡಳಿಗೆ ವಹಿಸಿದ ಆದೇಶಕ್ಕೆ 2024ರಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ವಿವಾದವೆಲ್ಲ ಪ್ರಮಾಣಪತ್ರ ಯಾರು ಕೊಡಬೇಕೆಂಬುದರ ಸುತ್ತ ನಡೆಯಿತು, ಅದರಲ್ಲಿ ಏನು ಬರೆದಿರಬೇಕೆಂಬುದರ ಸುತ್ತ ನಡೆಯಲಿಲ್ಲ. ದಕ್ಷಿಣ ಬೆಂಗಳೂರಿನ ಓದಿದ ವಧುಗಳು ಕೆಲಸ ಬಿಡುವುದಿಲ್ಲ, ಬೇರೆ ಮನೆ ಬೇಕು ಎಂಬ ಮಾತುಗಳನ್ನು ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನೊಡನೆ ಫೋನಿನಲ್ಲಿ ಆಡಿ ಮುಗಿಸುತ್ತಾರೆ, ಅವನು ಒಪ್ಪಿದ ಮೇಲೆಯೇ ಮನೆಯವರಿಗೆ ಹೂಂ ಎನ್ನುತ್ತಾರೆ. ಆ ಮಾತುಗಳು ನಿಕಾಹ್‌ನಾಮಾದೊಳಗೆ ಬರುವುದಿಲ್ಲ. ಬರೆಸಲು ಹೊರಟರೆ ಹುಡುಗಿಗೆ ಈಗಲೇ ನಂಬಿಕೆಯಿಲ್ಲವೇ ಎಂದು ಕೇಳುವವರು ಎರಡೂ ಮನೆಯಲ್ಲಿರುತ್ತಾರೆ, ಮತ್ತು ಪ್ರೀತಿಸಿ ಮದುವೆಯಾಗುತ್ತಿರುವ ಹುಡುಗಿಗೆ ಆ ಪ್ರಶ್ನೆಗೆ ಉತ್ತರಿಸುವುದು ಇನ್ನೂ ಕಷ್ಟ.